ಗಿಟಾರ್ ಕೃತಿಗಳ ಹಾರ್ಮನಿ ಬಿಡಿಸಲು ಮ್ಯೂಸ್‌ಸ್ಕೋರ್ ಸ್ಟುಡಿಯೊ 4: ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಂಗೀತವನ್ನು ಸ್ವರಲಿಪಿಯಲ್ಲಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್ ಸ್ಟುಡಿಯೊ ಯಾವ ಕೃತಿಯನ್ನೂ ತಾನಾಗಿ ವಿಶ್ಲೇಷಿಸಿ ಕೊಡುವುದಿಲ್ಲ. ಬಾರಿನ (ತಾಳದ ಒಂದು ಅಳತೆಯ) ಕೆಳಗೆ ತಪ್ಪು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನ ಹೆಸರು) ಬರೆದರೂ ತುಟಿ ಪಿಟಕ್ಕೆನ್ನುವುದಿಲ್ಲ. ಹಾಗಿದ್ದೂ ಕ್ಲಾಸಿಕಲ್ ಗಿಟಾರ್ ನುಡಿಸುವವರು ಹಾರ್ಮನಿ (ಕಾರ್ಡುಗಳ ನಡೆ) ಮತ್ತು ಫಾರ್ಮ್ (ಕೃತಿಯ ರಚನೆ) ಕಲಿಯಲು ಕಾಸು ಕೊಡದೆ ಸಿಗುವ ಸಾಧನಗಳಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಕಾರಣ ಅದರ ಜಾಣತನವಲ್ಲ, ಅದರ ಹಟ. ಗಿಟಾರ್ ಸಂಗೀತವನ್ನು ಅದರೊಳಗೆ ಟೈಪ್ ಮಾಡಬೇಕಾದರೆ ಪ್ರತಿ ಸ್ವರವೂ ಯಾವ ವಾಯ್ಸ್‌ಗೆ, ಎಂದರೆ ಯಾವ ಸ್ವತಂತ್ರ ಸ್ವರಸಾಲಿಗೆ, ಸೇರಿದ್ದು, ಎಷ್ಟು ಹೊತ್ತು ನಿಲ್ಲುವುದು ಅಂತ ನೀವೇ ತೀರ್ಮಾನಿಸಬೇಕು. ವಿಶ್ಲೇಷಣೆಯ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ.

ತಂತ್ರಾಂಶದ ಬಗ್ಗೆ ಎರಡು ಮಾತು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನಡಿ ಬರುವ ಇದು ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 4ನೇ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಂತು. ಡೌನ್‌ಲೋಡ್ ಮಾಡುವಾಗ ಒಂದು ಎಚ್ಚರ ಬೇಕು. ತಂತ್ರಾಂಶ ಇರುವುದು ಮ್ಯೂಸ್‌ಸ್ಕೋರ್ ಡಾಟ್ ಆರ್ಗ್‌ನಲ್ಲಿ. ಮ್ಯೂಸ್‌ಸ್ಕೋರ್ ಡಾಟ್ ಕಾಮ್ ಬೇರೆಯದೇ ತಾಣ. ಬಳಕೆದಾರರು ಏರಿಸಿದ ಸ್ಕೋರುಗಳನ್ನು ಚಂದಾ ಪಡೆದು ಕೊಡುವ ಜಾಗ ಅದು. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಕ್ರೆಡಿಟ್ ಕಾರ್ಡ್ ನಂಬರ್ ಕೊಡಲು ಹೋಗುತ್ತಾರೆ, ಬೇಕಾಗಿಲ್ಲ. ಮ್ಯೂಸ್ ಸೌಂಡ್ಸ್ ಎಂಬ ದೊಡ್ಡ ಧ್ವನಿ ಪ್ಯಾಕೇಜನ್ನು ಜೊತೆಗೆ ಹಾಕಿಕೊಳ್ಳಿ ಎನ್ನುತ್ತದೆ; ವಿಶ್ಲೇಷಣೆಗೆ ಅದೂ ಬೇಡ, ಒಳಗಿರುವ ಸಾದಾ ಧ್ವನಿಯೇ ಸಾಕು. ಮೊಬೈಲಿನ ಆ್ಯಪ್ ಸ್ಕೋರ್ ನೋಡಲು ಮಾತ್ರ, ಬರೆಯಲು ಲ್ಯಾಪ್‌ಟಾಪ್ ಬೇಕೇ ಬೇಕು.

(ಈ ಬರಹದಲ್ಲಿ ರೋಮನ್ ಅಂಕಿಗಳನ್ನು ಐ, ಐವಿ, ವಿ ಎಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಐ ಎಂದರೆ ಟಾನಿಕ್, ಷಡ್ಜದ ಮೇಲಿನ ಕಾರ್ಡ್; ವಿ ಎಂದರೆ ಡಾಮಿನೆಂಟ್, ಪಂಚಮದ ಮೇಲಿನ ಕಾರ್ಡ್. ವಿ7 ಎಂದರೆ ಡಾಮಿನೆಂಟ್ ಸೆವೆಂತ್. ಐ6 ಎಂದರೆ ಟಾನಿಕ್ ಕಾರ್ಡಿನ ಮೊದಲ ಇನ್ವರ್ಷನ್, ಅಂದರೆ ಮೂಲ ಸ್ವರದ ಬದಲು ಅದರ ಮೂರನೇ ಸ್ವರ ಬೇಸಿನಲ್ಲಿರುವುದು. 64 ಎರಡನೇ ಇನ್ವರ್ಷನ್, 53 ಮೂಲ ಸ್ಥಾನ. ಸೆವೆಂತ್ ಕಾರ್ಡಿಗಾದರೆ 65 ಮೊದಲ ಇನ್ವರ್ಷನ್, 43 ಎರಡನೆಯದು.)

ಗಿಟಾರಿಗೆ ಏಕೆ ಕಷ್ಟ

ಪಿಯಾನೊಗೆ ಎರಡು ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳ ಪಟ್ಟಿ) ಇರುತ್ತವೆ. ಬೇಸ್ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಗಿಟಾರಿನಲ್ಲಿ ಮೇಲಿನ ರಾಗ, ನಡುವಿನ ಅರ್ಪೆಜಿಯೊ (ಒಂದೊಂದಾಗಿ ಮೀಟುವ ಕಾರ್ಡಿನ ಸ್ವರಗಳು), ಕೆಳಗಿನ ಬೇಸ್ ಮೂರೂ ಒಂದೇ ಟ್ರೆಬಲ್ ಕ್ಲೆಫ್‌ನಲ್ಲಿ ತುರುಕಿರುತ್ತವೆ. ಕೇಳಿಸುವುದು ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ಸ್ವರದ ಬೆಲೆಯಂತೂ ಹಲವು ಕಡೆ ಬರೀ ಬರವಣಿಗೆಯ ಅನುಕೂಲಕ್ಕೆ ಇರುತ್ತದೆ: ಬೇಸಿನ ಸ್ವರವನ್ನು ಎಂಟನೇ ಒಂದು ಬೆಲೆಯಲ್ಲಿ ಬರೆದಿದ್ದರೂ ಎಡಗೈ ಬೆರಳು ಅಲ್ಲೇ ಇರುವುದರಿಂದ ಅದು ಇಡೀ ಬಾರ್ ಮೊಳಗುತ್ತಿರುತ್ತದೆ. ಇನ್ವರ್ಷನ್ ಗುರುತಿಸುವಾಗ ಆಗುವ ತಪ್ಪುಗಳಿಗೆ ಮುಖ್ಯ ಕಾರಣ ಇದೇ. ಮೂರನೇ ಬೀಟಿನಲ್ಲಿ ಕಣ್ಣಿಗೆ ಕಾಣುವ ಅತಿ ಕೆಳಗಿನ ಸ್ವರವನ್ನು ಬೇಸ್ ಎಂದು ಹಿಡಿದು ಐ64 ಎಂದು ಬರೆಯುತ್ತಾರೆ. ಮೊದಲ ಬೀಟಿನ ತೆರೆದ ತಂತಿ ಇನ್ನೂ ಮೊಳಗುತ್ತಲೇ ಇರುತ್ತದೆ, ಕಾರ್ಡ್ ಮೂಲ ಸ್ಥಾನದಲ್ಲೇ ಇರುತ್ತದೆ.

ಮ್ಯೂಸ್‌ಸ್ಕೋರ್‌ನಲ್ಲಿ ಹೊಸ ಸ್ಕೋರ್ ತೆರೆದು ವಾದ್ಯಗಳ ಪಟ್ಟಿಯಲ್ಲಿ ಕ್ಲಾಸಿಕಲ್ ಗಿಟಾರ್ ಆರಿಸಿದರೆ ಸ್ಥಾಯಿ ಇಳಿಸುವ ಕ್ಲೆಫ್ ತಾನಾಗಿ ಬರುತ್ತದೆ. ಪಿಯಾನೊ ಆರಿಸಿ ಟೈಪ್ ಮಾಡುವವರೂ ಇದ್ದಾರೆ. ಎಲ್ಲವೂ ಒಂದು ಸ್ಥಾಯಿ ಮೇಲೆ ಕೇಳಿಸಿ ಬೇಸಿನ ತೂಕವೇ ಗೊತ್ತಾಗುವುದಿಲ್ಲ. ಒಂದು ಸ್ಟಾಫಿಗೆ ನಾಲ್ಕು ವಾಯ್ಸ್ ಇವೆ, ಕಂಟ್ರೋಲ್ ಮತ್ತು ಆಲ್ಟ್ ಜೊತೆ 1ರಿಂದ 4ರವರೆಗಿನ ಅಂಕಿ ಒತ್ತಿ ಬದಲಾಯಿಸಬಹುದು. ಎನ್ ಒತ್ತಿದರೆ ಸ್ವರ ಬರೆಯುವ ಸ್ಥಿತಿ. 4 ಎಂಟನೇ ಒಂದು, 5 ಕಾಲು, 6 ಅರ್ಧ. ಆಮೇಲೆ ಸ್ವರದ ಅಕ್ಷರ. ಸ್ಥಾಯಿ ತಪ್ಪಿದರೆ ಕಂಟ್ರೋಲ್ ಹಿಡಿದು ಮೇಲೆ ಕೆಳಗಿನ ಬಾಣ. ಇಷ್ಟು ಕೈಗೆ ಕೂತರೆ ಗಿಟಾರ್ ಕೃತಿ ಟೈಪ್ ಮಾಡಲು ಸಾಕು.

ತಾರೆಗಾನ ‘ಲಾಗ್ರಿಮಾ’ದ ಮೊದಲ ಬಾರ್

ಉಪಯೋಗ ಏನೆಂದು ತಿಳಿಯಲು ಫ್ರಾನ್ಸಿಸ್ಕೊ ತಾರೆಗಾನ (1852–1909) ‘ಲಾಗ್ರಿಮಾ’ದ ಮೊದಲ ಬಾರ್ ಒಂದೇ ಸಾಕು. ಇ ಮೇಜರ್, ಮೂರು ಬೀಟ್. ಮೊದಲ ತಂತಿಯ 4, 5, 7ನೇ ಫ್ರೆಟ್‌ಗಳಲ್ಲಿ ಜಿ ಶಾರ್ಪ್, ಎ, ಬಿ. ಅದರ ಜೊತೆಜೊತೆಗೇ ನಾಲ್ಕನೇ ತಂತಿಯ 2, 4, 6ನೇ ಫ್ರೆಟ್‌ಗಳಲ್ಲಿ ಇ, ಎಫ್ ಶಾರ್ಪ್, ಜಿ ಶಾರ್ಪ್. ನಡುವೆ ತೆರೆದ ಎರಡನೇ ತಂತಿ ಬಿ. ಕೈಯಲ್ಲಿ ಇದು ಮೇಲಕ್ಕೆ ಜಾರುವ ಒಂದೇ ಹಿಡಿತ. ಕಾಗದದ ಮೇಲೆ ನೋಡಿದರೆ ಮೂರು ಬೀಟಿಗೆ ಮೂರು ಕಾರ್ಡ್.

ಟೈಪ್ ಮಾಡಲು ಕೂತಾಗ ಮೂರು ವಾಯ್ಸ್ ಬೇಕಾಗುತ್ತವೆ: ಒಂದರಲ್ಲಿ ರಾಗ, ಎರಡರಲ್ಲಿ ಬೇಸ್, ಮೂರರಲ್ಲಿ ಬೀಟಿನ ನಡುವೆ ಬರುವ ಬಿ. ಹೀಗೆ ಬಿಡಿಸಿದ ಕೂಡಲೇ ಎರಡು ಸಂಗತಿ ಕಣ್ಣಿಗೆ ಹೊಡೆಯುತ್ತವೆ. ರಾಗ ಮತ್ತು ಬೇಸ್ ಬಾರಿನುದ್ದಕ್ಕೂ ಹತ್ತರ ಅಂತರ ಕಾಯ್ದುಕೊಂಡೇ ಏರುತ್ತವೆ. ನಡುವಿನ ಬಿ ಕದಲುವುದೇ ಇಲ್ಲ. ಈಗ ಹೆಸರಿಡಿ: ಮೊದಲ ಬೀಟ್ ಇ, ಜಿ ಶಾರ್ಪ್, ಬಿ, ನಿಸ್ಸಂದೇಹವಾಗಿ ಐ. ಮೂರನೆಯದು ಬೇಸಿನಲ್ಲಿ ಜಿ ಶಾರ್ಪ್ ಇರುವ ಐ6. ನಡುವಿನದು ಎಫ್ ಶಾರ್ಪ್, ಎ, ಬಿ. ಡಾಮಿನೆಂಟಿನ ಮೂರನೇ ಸ್ವರ ಡಿ ಶಾರ್ಪ್ ಅಲ್ಲಿಲ್ಲ, ಆದರೂ ಉಳಿದ ಮೂರು ಸೇರಿ ವಿ43 ಎನ್ನಲು ಅಡ್ಡಿಯಿಲ್ಲ.

ಆದರೆ ಅದನ್ನು ನಿಜವಾದ ಡಾಮಿನೆಂಟ್ ಎಂದು ಲೆಕ್ಕಕ್ಕೆ ಹಿಡಿದರೆ ಬಾರಿನ ಅರ್ಥವೇ ಕೆಡುತ್ತದೆ. ಅದು ಐ ಮತ್ತು ಐ6 ನಡುವೆ ಹಾದುಹೋಗುವ ಕಾರ್ಡ್. ಇಡೀ ಬಾರ್ ಟಾನಿಕ್‌ನ ವಿಸ್ತಾರ. ನುಡಿಸುವವರಿಗೆ ಇದರಿಂದ ನೇರ ಪರಿಣಾಮವಿದೆ: ಎರಡನೇ ಬೀಟಿಗೆ ಒತ್ತು ಬೀಳಬಾರದು, ಮೂರು ಬೀಟೂ ಒಂದೇ ಉಸಿರಿನಲ್ಲಿ ಮೇಲೆ ಹೋಗಬೇಕು. ಪ್ರತಿ ಬೀಟಿಗೂ ಅಂಕಿ ಬರೆದು ತೃಪ್ತಿಪಡುವವರು ತಪ್ಪುವುದು ಇಲ್ಲೇ. ಅಂಕಿ ಹಾಕುವುದು ಸುಲಭ, ಯಾವುದನ್ನು ಬಿಡಬೇಕು ಎಂಬುದೇ ಕಲಿಯಬೇಕಾದ ವಿದ್ಯೆ.

ಇಲ್ಲಿ ತಂತ್ರಾಂಶದ ಒಂದು ಕಿರಿಕಿರಿ. ಎರಡಕ್ಕಿಂತ ಹೆಚ್ಚು ವಾಯ್ಸ್ ಬಳಸಿದರೆ ವಿರಾಮ ಚಿಹ್ನೆಗಳು ಮುಳ್ಳಿನಂತೆ ತುಂಬಿಕೊಳ್ಳುತ್ತವೆ. 2, 3, 4ನೇ ವಾಯ್ಸ್‌ಗಳ ವಿರಾಮವನ್ನು ಆರಿಸಿ ಅಳಿಸಬಹುದು. ಮೊದಲ ವಾಯ್ಸ್‌ನದು ಅಳಿಯುವುದಿಲ್ಲ, ಕೀಬೋರ್ಡಿನ ವಿ ಕೀ ಒತ್ತಿ ಮರೆಮಾಡಬೇಕು. ಆದ್ದರಿಂದ ಖಾಲಿ ಜಾಗ ಕಡಿಮೆ ಇರುವ ಸಾಲನ್ನೇ ಮೊದಲ ವಾಯ್ಸ್ ಮಾಡಿಕೊಳ್ಳುವುದು ಜಾಣತನ.

ರೋಮನ್ ಅಂಕಿಯ ಸೌಲಭ್ಯ

ಸ್ವರವೊಂದನ್ನು ಆರಿಸಿ ಆ್ಯಡ್ ಮೆನುವಿನ ಟೆಕ್ಸ್ಟ್ ವಿಭಾಗದಲ್ಲಿ ರೋಮನ್ ನ್ಯೂಮರಲ್ ಅನಾಲಿಸಿಸ್ ಒತ್ತಿದರೆ ಸ್ಟಾಫಿನ ಕೆಳಗೆ ಕರ್ಸರ್ ತೆರೆದುಕೊಳ್ಳುತ್ತದೆ. ಇದಕ್ಕೆಂದೇ ಕ್ಯಾಂಪಾನಿಯಾ ಎಂಬ ಫಾಂಟ್ ಒಳಗೆ ಕೂರಿಸಿದ್ದಾರೆ. ವಿ ಅಕ್ಷರದ ಮುಂದೆ 65 ಎಂದು ಟೈಪ್ ಮಾಡಿದರೆ 6ರ ಕೆಳಗೆ 5 ತಾನಾಗಿ ಹೋಗಿ ಕೂರುತ್ತದೆ. ಸಣ್ಣ ‘ಒ’ ಅಕ್ಷರ ಡಿಮಿನಿಶ್ಡ್ ಚಿಹ್ನೆಯಾಗುತ್ತದೆ. ಅಂಕಿಯ ಮುಂಚೆ ಸಣ್ಣ ‘ಬಿ’ ಹಾಕಿದರೆ ಫ್ಲ್ಯಾಟ್. ಓರೆಗೆರೆ ಹಾಕಿ ‘ವಿಯ ವಿ7’ ಎಂದೂ ಬರೆಯಬಹುದು. ಸ್ಪೇಸ್ ಒತ್ತಿದರೆ ಕರ್ಸರ್ ಮುಂದಕ್ಕೆ ಜಿಗಿಯುತ್ತದೆ. ವರ್ಡ್ ಡಾಕ್ಯುಮೆಂಟಿನಲ್ಲಿ ಸೂಪರ್‌ಸ್ಕ್ರಿಪ್ಟ್, ಸಬ್‌ಸ್ಕ್ರಿಪ್ಟ್ ಅಂತ ಗುದ್ದಾಡಿದವರಿಗೆ ಈ ಒಂದೇ ಸೌಲಭ್ಯಕ್ಕೆ ಮ್ಯೂಸ್‌ಸ್ಕೋರ್ ಹಾಕಿಕೊಳ್ಳಬಹುದು ಅನ್ನಿಸುತ್ತದೆ. ಮೆನು ಹುಡುಕಿ ಬೇಸರವಾದರೆ ಪ್ರಿಫರೆನ್ಸಸ್‌ನಲ್ಲಿ ಇದಕ್ಕೊಂದು ಶಾರ್ಟ್‌ಕಟ್ ಕೊಟ್ಟುಕೊಳ್ಳಿ, ದಿನಕ್ಕೆ ನೂರು ಸಲ ಬೇಕಾಗುತ್ತದೆ.

ಪಠ್ಯಗಳು ಜಗಳವಾಡುವ ವಿಷಯಗಳಲ್ಲಿ ತಂತ್ರಾಂಶ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಕೇಡೆನ್ಸಿಗೆ (ಫ್ರೇಸ್, ಅಂದರೆ ಸಂಗೀತದ ವಾಕ್ಯ, ಮುಗಿಯುವ ನಿಲುಗಡೆಗೆ) ಮುಂಚೆ ಬರುವ 64 ಕಾರ್ಡನ್ನು ಕೆಲವರು ಐ64 ಎನ್ನುತ್ತಾರೆ, ಕೆಲವರು ವಿ64 ಬರೆದು 53ಕ್ಕೆ ಇಳಿಸುತ್ತಾರೆ. ಗಿಟಾರಿಗೆ ಎರಡನೆಯದೇ ಮೇಲು. ಬೇಸ್ ಸ್ವರ ಕದಲದೆ ನಿಂತು ಮೇಲಿನ ಎರಡು ಸ್ವರ ಒಂದೊಂದು ಮೆಟ್ಟಿಲು ಇಳಿಯುವುದು ಬೆರಳಿಗೂ ಹಾಗೇ ಅನುಭವಕ್ಕೆ ಬರುತ್ತದೆ.

ಕೊರತೆಯೂ ಇದೆ. ಅಂಕಿಯ ಸಾಲು ಒಂದೇ. ‘ಲಾಗ್ರಿಮಾ’ದಂಥ ಬಾರಿಗೆ ಎರಡು ಸಾಲು ಬೇಕು: ಮೇಲೆ ಐ, ವಿ43, ಐ6 ಎಂಬ ವಿವರ, ಕೆಳಗೆ ಇಡೀ ಬಾರಿಗೆ ಒಂದೇ ಐ. ಇದಕ್ಕೆ ಸುಲಭದ ದಾರಿ, ಗಿಟಾರಿನ ಕೆಳಗೆ ಬೇಸ್ ಕ್ಲೆಫ್ ಇರುವ ಇನ್ನೊಂದು ಸ್ಟಾಫ್ ಸೇರಿಸಿ ಎರಡನೇ ಸಾಲನ್ನು ಅದರ ಕೆಳಗೆ ಬರೆಯುವುದು. ಕಂಟ್ರೋಲ್ ಮತ್ತು ಎಲ್ ಒತ್ತಿ ಸಾಹಿತ್ಯದ ಸಾಲಾಗಿ ಬರೆಯುವ ಉಪಾಯವೂ ಉಂಟು. ಆದರೆ ಅಕ್ಷರ ಉದ್ದವಾದಷ್ಟೂ ಸ್ವರಗಳ ನಡುವಿನ ಅಂತರ ಹಿಗ್ಗಿ ಸ್ಕೋರ್ ವಿಕಾರವಾಗುತ್ತದೆ.

ಆ ಕೆಳಗಿನ ಸ್ಟಾಫ್ ಇನ್ನೂ ದೊಡ್ಡ ಕೆಲಸಕ್ಕೆ ಬರುತ್ತದೆ. ಎಫ್6 ಒತ್ತಿದರೆ ಸೆಲೆಕ್ಷನ್ ಫಿಲ್ಟರ್ ತೆರೆಯುತ್ತದೆ. ಅದರಲ್ಲಿ ಬೇಸ್ ಇರುವ ವಾಯ್ಸ್ ಒಂದನ್ನುಳಿದು ಬೇರೆ ವಾಯ್ಸ್‌ಗಳ ಟಿಕ್ ತೆಗೆದು, ಗಿಟಾರ್ ಸ್ಟಾಫನ್ನು ಪೂರ್ತಿ ಆರಿಸಿ ಕಾಪಿ ಮಾಡಿ ಕೆಳಗಿನ ಸ್ಟಾಫಿಗೆ ಅಂಟಿಸಿ. ಬೇಸ್ ಸಾಲು ಮಾತ್ರ ಇಳಿದು ಬರುತ್ತದೆ. ಅದು ಎರಡನೇ ವಾಯ್ಸ್‌ನಲ್ಲೇ ಉಳಿದಿರುತ್ತದೆ, ಟೂಲ್ಸ್ ಮೆನುವಿನಲ್ಲಿ ವಾಯ್ಸ್ 1 ಮತ್ತು 2ನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಫಿಲ್ಟರಿನ ಟಿಕ್‌ಗಳನ್ನು ಮತ್ತೆ ಹಾಕಲು ಮರೆತರೆ ಮುಂದಿನ ಕಾಪಿ ಎಲ್ಲವೂ ಅರೆಬರೆ ಬರುತ್ತದೆ. ತಂತ್ರಾಂಶ ಕೆಟ್ಟಿದೆ ಎಂದು ಜನ ಬೈಯುವ ಪ್ರಸಂಗಗಳಲ್ಲಿ ಇದೂ ಒಂದು. ಬೇಸ್ ಸಾಲನ್ನು ಬೇರೆಯಾಗಿ ನೋಡುವುದರಿಂದ ಆಗುವ ಲಾಭ ಹೇಳತೀರದು. ಎಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಎಲ್ಲಿ ನಾಲ್ಕು ಐದರ ಜಿಗಿತ ಹಾಕುತ್ತದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಕೇಡೆನ್ಸ್ ಹುಡುಕಲು ಮೊದಲು ನೋಡಬೇಕಾದದ್ದು ಆ ಜಿಗಿತಗಳನ್ನೇ.

ಬರೆದದ್ದು ಸರಿಯೇ ಎಂದು ಕಿವಿಯಿಂದ ಪರೀಕ್ಷಿಸಲು ರೋಮನ್ ಅಂಕಿ ನೆರವಾಗುವುದಿಲ್ಲ, ಅದು ನುಡಿಯುವುದಿಲ್ಲ. ಕಾರ್ಡ್ ಹೆಸರುಗಳು ನುಡಿಯುತ್ತವೆ. ಕಂಟ್ರೋಲ್ ಮತ್ತು ಕೆ ಒತ್ತಿ ಸ್ಟಾಫಿನ ಮೇಲೆ ಕಾರ್ಡಿನ ಹೆಸರು ಬರೆಯುತ್ತ ಹೋಗಿ. ಎಫ್10 ಒತ್ತಿ ಮಿಕ್ಸರ್ ತೆರೆದರೆ ಕಾರ್ಡುಗಳಿಗೆ ಬೇರೆಯದೇ ಚಾನೆಲ್ ಇರುತ್ತದೆ. ಗಿಟಾರನ್ನು ಮ್ಯೂಟ್ ಮಾಡಿ ಬರೀ ಕಾರ್ಡ್ ಕೇಳಿ, ಆಮೇಲೆ ಎರಡನ್ನೂ ಸೇರಿಸಿ ಕೇಳಿ. ತಪ್ಪು ಕಾರ್ಡ್ ಬರೆದ ಕಡೆ ಕಿವಿ ತಾನೇ ಮುಖ ಸಿಂಡರಿಸುತ್ತದೆ. ಈ ಚಾನೆಲ್ ಮೊದಲಿಂದಲೇ ಚಾಲೂ ಇರುವುದರಿಂದ, ಬೇಡದಾಗ ಅದನ್ನೇ ಮ್ಯೂಟ್ ಮಾಡಬೇಕು.

ಬೂರೆ ಮತ್ತು 25ನೇ ಬಾರಿನ ಕಾಟ

ಗಿಟಾರ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ನುಡಿಸುವ ಬಾಖ್‌ನ ಇ ಮೈನರ್ ಬೂರೆ (ಒಂದು ನೃತ್ಯರೂಪ; ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯೂವಿ 996) ಎರಡು ಭಾಗಗಳ ಬೈನರಿ ಫಾರ್ಮಿಗೆ ಅಚ್ಚುಕಟ್ಟಾದ ಉದಾಹರಣೆ: ಮೊದಲ ಭಾಗ 8 ಬಾರ್, ಎರಡನೆಯದು 16, ಎರಡಕ್ಕೂ ಪುನರಾವರ್ತನೆ. ಟೈಪ್ ಮಾಡುವಾಗ ಇದು ಕೈಕೊಡುತ್ತದೆ. ಕೃತಿ ಶುರುವಾಗುವುದು ಕಾಲು ಬೆಲೆಯ ಎತ್ತುಗಡೆಯಿಂದ, ಅಂದರೆ ಮೊದಲ ಪೂರ್ಣ ಬಾರಿಗೆ ಮುಂಚೆ ಬರುವ ತುಂಡು ಬಾರಿನಿಂದ. ಹೊಸ ಸ್ಕೋರ್ ಮಾಡುವಾಗಲೇ ಪಿಕಪ್ ಬಾರ್ ಎಂಬ ಟಿಕ್ ಹಾಕಿ ಕಾಲು ಬೆಲೆ ಕೊಟ್ಟರೆ ಅದಕ್ಕೆ ನಂಬರ್ ಬೀಳುವುದಿಲ್ಲ. ತೊಂದರೆ ಇರುವುದು ನಡುವೆ. 8ನೇ ಬಾರಿನ ಮೂರು ಬೀಟ್ ಮುಗಿದ ಮೇಲೆ ಪುನರಾವರ್ತನೆಯ ಗೆರೆ ಬರುತ್ತದೆ, ನಾಲ್ಕನೇ ಬೀಟ್ ಎರಡನೇ ಭಾಗದ ಎತ್ತುಗಡೆ. ಬಾರಿನ ಹೊಟ್ಟೆಯಲ್ಲಿ ಪುನರಾವರ್ತನೆ ಹಾಕಲು ಮ್ಯೂಸ್‌ಸ್ಕೋರ್ ಬಿಡುವುದಿಲ್ಲ.

ಮಾಡಬೇಕಾದ್ದಿಷ್ಟು. ನಾಲ್ಕನೇ ಬೀಟಿನ ಮೊದಲ ಸ್ವರ ಆರಿಸಿ ಟೂಲ್ಸ್ ಮೆನುವಿನ ಮೆಷರ್ಸ್ ವಿಭಾಗದಲ್ಲಿ ಆ ಸ್ವರದ ಮುಂಚೆ ಬಾರ್ ಸೀಳುವ ಆಜ್ಞೆ ಕೊಡಿ. ಬಾರ್ ಎರಡಾಗುತ್ತದೆ. ಚಿಕ್ಕ ತುಂಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೆಷರ್ ಪ್ರಾಪರ್ಟೀಸ್ ತೆರೆದು, ಬಾರ್ ಎಣಿಕೆಯಿಂದ ಹೊರಗಿಡುವ ಟಿಕ್ ಹಾಕಿ. ಇದನ್ನು ಬಿಟ್ಟರೆ ಎರಡನೇ ಭಾಗದ ಪ್ರತಿ ಬಾರಿನ ನಂಬರೂ ಒಂದು ಹೆಚ್ಚಾಗಿ 24 ಬಾರಿನ ಕೃತಿ 25ರಲ್ಲಿ ಮುಗಿಯುತ್ತದೆ. ಮೇಷ್ಟ್ರು ‘17ನೇ ಬಾರ್ ನೋಡು’ ಎಂದರೆ ನೀವು 16ನ್ನು ನೋಡುತ್ತಿರುತ್ತೀರಿ. ಫಾರ್ಮ್ ವಿಶ್ಲೇಷಣೆಯಲ್ಲಿ ಎಲ್ಲವೂ ಬಾರ್ ಎಣಿಕೆಯ ಮೇಲೆ ನಿಂತಿರುವುದರಿಂದ ಇದು ಸಣ್ಣ ತಪ್ಪಲ್ಲ.

ಹಾರ್ಮನಿಯ ದೃಷ್ಟಿಯಿಂದ ಬೂರೆಯಲ್ಲಿ ಇರುವುದು ಎರಡೇ ಸಾಲು, ರಾಗ ಮತ್ತು ಬೇಸ್. ಮೂರು ಸ್ವರದ ಕಾರ್ಡ್ ಪೂರ್ತಿಯಾಗಿ ಸಿಗುವುದು ಅಪರೂಪ. ಮೊದಲ ಬಾರಿನ ಮೊದಲ ಬೀಟಿನಲ್ಲಿ ಕೆಳಗೆ ಇ, ಮೇಲೆ ಜಿ. ಇಷ್ಟರಿಂದಲೇ ಇ ಮೈನರ್ ಎಂದು ಹೇಳುವುದು ಹೇಗೆ? ಸಿ ಮೇಜರಿನ ಮೊದಲ ಇನ್ವರ್ಷನ್ ಯಾಕಾಗಬಾರದು? ಮೂರನೇ ಬೀಟಿನಲ್ಲಿ ಬೇಸಿನ ಬಿ ಮೇಲೆ ಡಿ ಶಾರ್ಪ್ ಬಂದು ಡಾಮಿನೆಂಟನ್ನು ಸಾರುತ್ತದೆ. ಹಿಂದಿನದರ ಅರ್ಥ ಆಗ ಖಚಿತವಾಗುತ್ತದೆ. ಎರಡು ಸಾಲಿನ ಬರವಣಿಗೆಯಲ್ಲಿ ಕಾರ್ಡ್ ಎನ್ನುವುದು ಹಿಂದುಮುಂದಿನ ಸಂಬಂಧದಿಂದ ಊಹಿಸಬೇಕಾದ ವಸ್ತು. ಫೆರ್ನಾಂಡೊ ಸೋರ್‌ನ ಓಪಸ್ 60ರ ಮೊದಲ ಪಾಠದಲ್ಲಿ ಒಂದೇ ಸಾಲು ರಾಗವಿದೆ, ಅಲ್ಲಿಯೂ ಹಾರ್ಮನಿ ಕೇಳಿಸುತ್ತದೆ; ಊಹೆಯ ಅಭ್ಯಾಸಕ್ಕೆ ಅದು ಬೂರೆಗಿಂತ ಮೊದಲು ಮಾಡಬೇಕಾದ ಪಾಠ.

ಎರಡನೇ ಬಾರಿನ ರಾಗ: ಬಿ, ಸಿ ಶಾರ್ಪ್, ಡಿ ಶಾರ್ಪ್, ಇ ಎಂದು ಏರಿ ಡಿ, ಸಿ ಎಂದು ಸಾದಾ ಸ್ವರಗಳಲ್ಲಿ ಇಳಿದು ಮುಂದಿನ ಬಾರಿನ ಬಿಗೆ ಸೇರುತ್ತದೆ. ಮೆಲಾಡಿಕ್ ಮೈನರ್ ಎಂದು ಥಿಯರಿ ಪುಸ್ತಕದಲ್ಲಿ ಬಾಯಿಪಾಠ ಮಾಡಿಸುವುದು ಇಲ್ಲಿ ಒಂದೇ ಬಾರಿನಲ್ಲಿ ಮೈದಳೆದು ನಿಂತಿದೆ. ಕರ್ನಾಟಕ ಸಂಗೀತ ಬಲ್ಲವರು ಏರುವಾಗ ಗೌರಿಮನೋಹರಿ, ಇಳಿಯುವಾಗ ನಠಭೈರವಿ ಎಂದು ಗುರುತು ಹಿಡಿಯುತ್ತಾರೆ. ಸ್ವರಸ್ಥಾನದ ಮಟ್ಟಿಗೆ ಅದು ಸರಿ. ಆದರೆ ಅದೇ ಕಿವಿ ಮುಂದೆ ಎಡವುವುದುಂಟು. ಮೊದಲ ಭಾಗ ಮುಗಿಯುವುದು ಜಿ ಮೇಜರಿನಲ್ಲಿ. ಆಧಾರ ಶ್ರುತಿ ಕದಲದೆ ನಿಲ್ಲುವ ಸಂಗೀತಕ್ಕೆ ಒಗ್ಗಿದವರು ಅದನ್ನು ಇ ಮೈನರಿನ ಗಾಂಧಾರದ ಮೇಲೆ ನಿಂತದ್ದು ಎಂದೇ ಕೇಳುತ್ತಾರೆ, ಕೇಡೆನ್ಸ್ ಅಪೂರ್ಣ ಅನ್ನಿಸುತ್ತದೆ. ಇಲ್ಲಿ ಷಡ್ಜವೇ ಜಾಗ ಬದಲಿಸಿದೆ. ಡಿ ಶಾರ್ಪ್ ಮಾಯವಾಗಿ ಸಾದಾ ಡಿ ಡಾಮಿನೆಂಟ್ ಆಗಿ ಬಂದದ್ದು ಅದಕ್ಕೆ ಸಾಕ್ಷಿ. ರೋಮನ್ ಅಂಕಿಯ ಸಾಲಿನಲ್ಲಿ ಹೊಸ ಕೀ ಹೆಸರು ಬರೆದು ಅಂಕಿಗಳನ್ನು ಅಲ್ಲಿಂದ ಹೊಸದಾಗಿ ಎಣಿಸಬೇಕು. ಕೀ ಸಿಗ್ನೇಚರ್ ಬದಲಾಗದೆ ಇರುವುದರಿಂದ ಅದನ್ನೇ ನಂಬಿದವರು ಈ ತಿರುವನ್ನು ಕಾಣುವುದೇ ಇಲ್ಲ. ‘ಲಾಗ್ರಿಮಾ’ದಲ್ಲಿ ಇದರ ತಿರುವುಮುರುವು: ನಡುವಿನ ಭಾಗ ಇ ಮೈನರಿಗೆ ಹೋದಾಗ ನಾಲ್ಕು ಶಾರ್ಪ್ ಒಂದಾಗುತ್ತದೆ, ಕೀ ಸಿಗ್ನೇಚರ್ ಕಣ್ಣಿಗೆ ರಾಚುತ್ತದೆ, ಷಡ್ಜ ಮಾತ್ರ ಇದ್ದಲ್ಲೇ ಇರುತ್ತದೆ.

ಫಾರ್ಮ್ ಕಾಣಿಸುವಂತೆ ಸಾಲು ಮುರಿಯುವುದು

ಫಾರ್ಮ್ ಕಲಿಯಲು ಮ್ಯೂಸ್‌ಸ್ಕೋರ್ ಕೊಡುವ ಅತಿ ಒಳ್ಳೆಯ ಸಾಧನ ಎಂಟರ್ ಕೀ. ಬಾರ್ ಆರಿಸಿ ಎಂಟರ್ ಒತ್ತಿದರೆ ಸಾಲು ಅಲ್ಲಿಗೆ ಮುರಿಯುತ್ತದೆ. ಪ್ರತಿ ಫ್ರೇಸ್ ಮುಗಿಯುವಲ್ಲಿ ಒತ್ತುತ್ತ ಹೋಗಿ; ನಾಲ್ಕು ಬಾರಿಗೊಂದು ಸಾಲಾದರೆ ಬೂರೆಯ 1ನೇ ಬಾರಿನ ಕೆಳಗೆ ನೇರವಾಗಿ 5ನೇ ಬಾರ್ ಬಂದು ನಿಲ್ಲುತ್ತದೆ. ಎರಡೂ ಒಂದೇ ರೀತಿ ಶುರುವಾಗಿ, ಕೊನೆಗೆ ಒಂದು ಇ ಮೈನರಿಗೂ ಇನ್ನೊಂದು ಜಿಗೂ ಹೋಗುವುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಅಚ್ಚಾದ ಪುಸ್ತಕಗಳಲ್ಲಿ ಸಾಲಿಗೆ ಎಷ್ಟು ಬಾರ್ ಹಿಡಿಯುತ್ತವೋ ಅಷ್ಟು ತುಂಬಿರುತ್ತಾರೆ, ಫ್ರೇಸಿನ ಅಂಚು ಸಾಲಿನ ನಡುವೆ ಹೂತುಹೋಗಿರುತ್ತದೆ. ಎತ್ತುಗಡೆ ಇರುವ ಕೃತಿಗಳಲ್ಲಿ ಒಂದು ತೊಡಕಿದೆ: ಫ್ರೇಸ್ ನಾಲ್ಕನೇ ಬೀಟಿಗೆ ಶುರುವಾದರೂ ಸಾಲು ಮುರಿಯುವುದು ಬಾರಿನ ಗೆರೆಯಲ್ಲೇ. ಎಲ್ಲ ಬಾರನ್ನೂ ಸೀಳಲು ಹೋಗಬೇಡಿ, ಲೈನ್ಸ್ ಪ್ಯಾಲೆಟ್ಟಿನಿಂದ ಟೆಕ್ಸ್ಟ್ ಲೈನ್ ಎಳೆದು ಫ್ರೇಸಿನ ನಿಜವಾದ ಆರಂಭವನ್ನು ತೋರಿಸಿದರೆ ಸಾಕು. ಅದರ ತುದಿಗೆ ಕೊಕ್ಕೆಯನ್ನೂ ಎಫ್8 ಪ್ರಾಪರ್ಟೀಸ್‌ನಲ್ಲಿ ಕೊಡಬಹುದು. ಫ್ರೇಸ್ ಗುರುತಿಗೆ ಸ್ಲರ್ ಬಳಸುವುದು ಕೆಟ್ಟ ಅಭ್ಯಾಸ. ಗಿಟಾರಿನಲ್ಲಿ ಸ್ಲರ್ ಎಂದರೆ ಎಡಗೈಯಿಂದ ಬಡಿದು ಅಥವಾ ಮೀಟಿ ಸ್ವರ ಹೊರಡಿಸುವುದು, ಓದುವವರಿಗೆ ಗೊಂದಲವಾಗುತ್ತದೆ.

ಭಾಗಗಳ ಹೆಸರಿಗೆ ಕಂಟ್ರೋಲ್ ಮತ್ತು ಎಂ ಒತ್ತಿ ರಿಹರ್ಸಲ್ ಮಾರ್ಕ್ ಹಾಕಬಹುದು. ಮರಳಿ ಬರುವ ಮೋಟಿಫ್‌ಗಳಿಗೆ ಬಣ್ಣ ಕೊಡುವುದು ಪ್ರಾಪರ್ಟೀಸ್‌ನಲ್ಲಿದೆ. ಎರಡು ಬಣ್ಣಕ್ಕಿಂತ ಹೆಚ್ಚು ಬಳಸಿದರೆ ಪುಟ ರಂಗೋಲಿಯಾಗುತ್ತದೆ, ಓದಲು ಬರುವುದಿಲ್ಲ.

ವೇರಿಯೇಷನ್ ಕೃತಿಗಳಿಗೆ ಸೆಕ್ಷನ್ ಬ್ರೇಕ್ ಇದೆ. ಸೋರ್ (1778–1839) ಮೊಟ್ಸಾರ್ಟ್‌ನ ರಾಗದ ಮೇಲೆ ಬರೆದ ಓಪಸ್ 9ರಲ್ಲಿ ಇ ಮೈನರಿನ ಪೀಠಿಕೆ, ಇ ಮೇಜರಿನ ಥೀಮ್, ಐದು ವೇರಿಯೇಷನ್, ಕೊನೆಗೆ ಕೋಡಾ. ಎರಡನೇ ವೇರಿಯೇಷನ್ ಮತ್ತೆ ಮೈನರಿಗೆ ಇಳಿಯುತ್ತದೆ. ಪ್ರತಿ ಭಾಗದ ಕೊನೆಗೆ ಸೆಕ್ಷನ್ ಬ್ರೇಕ್ ಹಾಕಿದರೆ ಬಾರ್ ಎಣಿಕೆ ಹೊಸದಾಗಿ 1ರಿಂದ ಶುರುವಾಗುತ್ತದೆ. ಥೀಮಿನ 5ನೇ ಬಾರ್, ಮೂರನೇ ವೇರಿಯೇಷನ್ನಿನ 5ನೇ ಬಾರ್ ಎಂದು ಎದುರುಬದುರು ಇಟ್ಟು ಹಾರ್ಮನಿ ಎಲ್ಲಿ ಉಳಿದಿದೆ, ಎಲ್ಲಿ ಬದಲಾಗಿದೆ ನೋಡಬಹುದು. ಇಡೀ ಓಪಸ್ 9 ಟೈಪ್ ಮಾಡಲು ಹೊರಡುವುದು ಮಾತ್ರ ಹುಚ್ಚುತನ. ಥೀಮ್ ಮತ್ತು ಒಂದು ವೇರಿಯೇಷನ್ ಸಾಕು.

ಅಂಕಿಗೆ ಸಿಗದ ಸಂಗೀತ

ಬ್ರೆಜಿಲಿನ ರಚನಕಾರ ವಿಲ್ಲ-ಲೋಬೋಸ್‌ನ ಮೊದಲ ಎಟ್ಯೂಡಿಗೆ (ಅಭ್ಯಾಸ ಕೃತಿಗೆ) ಬಂದರೆ ರೋಮನ್ ಅಂಕಿ ಕೈಚೆಲ್ಲುತ್ತದೆ. ನಡುಭಾಗದಲ್ಲಿ ಒಂದೇ ಡಿಮಿನಿಶ್ಡ್ ಹಿಡಿತ ಒಂದೊಂದೇ ಫ್ರೆಟ್ ಕೆಳಗೆ ಜಾರುತ್ತ ಬರುತ್ತದೆ, ತೆರೆದ ಇ ತಂತಿಗಳು ಉದ್ದಕ್ಕೂ ಮೊಳಗುತ್ತಲೇ ಇರುತ್ತವೆ. ಪ್ರತಿ ಬಾರಿಗೂ ಕಾರ್ಡ್ ಹೆಸರು ಹುಡುಕಿದರೆ ಉದ್ದುದ್ದ ಹೆಸರುಗಳ ಪಟ್ಟಿ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಲಿಂಕ್ಡ್ ಟ್ಯಾಬ್ಲೇಚರ್, ಅಂದರೆ ಸ್ವರದ ಬದಲು ತಂತಿಯ ಗೆರೆ ಮೇಲೆ ಫ್ರೆಟ್ ಅಂಕಿ ಬರೆಯುವ ಲಿಪಿ. ಎಫ್7 ಒತ್ತಿ ಗಿಟಾರಿಗೆ ಲಿಂಕ್ಡ್ ಸ್ಟಾಫ್ ಸೇರಿಸಿ ಅದನ್ನು ಟ್ಯಾಬ್ ಮಾಡಿದರೆ, ಒಳತಂತಿಗಳ ಅಂಕಿಗಳು ಬಾರಿಗೊಂದರಂತೆ ಇಳಿಯುತ್ತ, ಹೊರತಂತಿಯ ಸೊನ್ನೆ ಹಾಗೇ ನಿಂತಿರುವುದು ಕಾಣುತ್ತದೆ. ಆ ಭಾಗದ ವಿಶ್ಲೇಷಣೆ ಅಷ್ಟೇ: ಕದಲದ ಪೆಡಲ್ ಮೇಲೆ ಜಾರುವ ಆಕಾರ, ಕೊನೆಗೆ ಟಾನಿಕ್ ಕಡೆಗೆ ದಾರಿ. ಎರಡು ಎಚ್ಚರ. ಟ್ಯಾಬ್ ತಾನಾಗಿ ಆರಿಸುವ ತಂತಿ ಹಲವು ಸಲ ತಪ್ಪಿರುತ್ತದೆ; ಟ್ಯಾಬ್ ಸ್ಟಾಫಿನಲ್ಲಿ ಕಂಟ್ರೋಲ್ ಮತ್ತು ಬಾಣ ಒತ್ತಿದರೆ ಅದೇ ಸ್ವರ ಪಕ್ಕದ ತಂತಿಗೆ ಹೋಗುತ್ತದೆ. ಒಂದು ಬಾರನ್ನು ಕಾಪಿ ಮಾಡಿ ಅರ್ಧ ಸ್ವರ ಇಳಿಸಿದರೆ ತೆರೆದ ತಂತಿಯ ಸ್ವರಗಳೂ ಇಳಿದುಬಿಡುತ್ತವೆ. ಅವನ್ನು ಮತ್ತೆ ಮೇಲೆತ್ತಬೇಕು.

ಸ್ಕೋರ್ ಎಲ್ಲಿಂದ

ಸೋರ್, ಜುಲಿಯಾನಿ, ಕಾರ್ಕಾಸ್ಸಿ, ತಾರೆಗಾ ಎಲ್ಲರೂ ಹಕ್ಕುಸ್ವಾಮ್ಯ ಮುಗಿದ ಸ್ಕೋರುಗಳ ಅಂತರ್ಜಾಲ ಸಂಗ್ರಹವಾದ ಐಎಂಎಸ್‌ಎಲ್‌ಪಿಯಲ್ಲಿ ಉಚಿತವಾಗಿ ಸಿಗುತ್ತಾರೆ. 19ನೇ ಶತಮಾನದ ಮೂಲ ಮುದ್ರಣಗಳು ಬೇಕಾದರೆ ಸ್ಟಾಕ್‌ಹೋಮಿನ ಬೊಯಿಯೆ ಸಂಗ್ರಹದ ಸ್ಕ್ಯಾನ್‌ಗಳು ಬೆಲೆಬಾಳುವಂಥವು. ಮ್ಯೂಸ್‌ಸ್ಕೋರ್ ಡಾಟ್ ಕಾಮ್‌ನಲ್ಲಿ ಯಾರೋ ಟೈಪ್ ಮಾಡಿಟ್ಟದ್ದನ್ನು ಎತ್ತಿಕೊಳ್ಳುವ ಆಸೆಯಾಗುವುದು ಸಹಜ. ಅಲ್ಲಿ ಏರಿಸಿದವರ ಶ್ರದ್ಧೆಯಷ್ಟೇ ಸ್ಕೋರಿನ ಗುಣ. ಎಲ್ಲವನ್ನೂ ಒಂದೇ ವಾಯ್ಸ್‌ನಲ್ಲಿ ಕಾರ್ಡ್ ಮಾಡಿ ತುರುಕಿದ್ದರೆ ಬೇಸ್ ಬೇರ್ಪಡಿಸುವ ಉಪಾಯ ನಡೆಯುವುದೇ ಇಲ್ಲ. ಪಿಡಿಎಫ್‌ನಿಂದ ನೇರ ಸ್ಕೋರ್ ಮಾಡಿಕೊಡುವ ಪ್ರಾಯೋಗಿಕ ಸೇವೆಗಳ ಮೇಲೂ ಗಿಟಾರಿನವರು ಆಸೆ ಇಟ್ಟುಕೊಳ್ಳುವುದು ಬೇಡ. ಬೆರಳಿನ ಅಂಕಿಗಳು, ತಂತಿ ಸೂಚಿಸುವ ವೃತ್ತಗಳು, ಒಂದೇ ಸ್ವರಕ್ಕೆ ಮೇಲೂ ಕೆಳಗೂ ಇರುವ ಕಡ್ಡಿಗಳು ಯಂತ್ರದ ಕಣ್ಣನ್ನು ಕಲಕಿಬಿಡುತ್ತವೆ. ತಿದ್ದುವ ಹೊತ್ತಿಗೆ ಹೊಸದಾಗಿಯೇ ಟೈಪ್ ಮಾಡಬಹುದು.

ಯಂತ್ರವೇ ವಿಶ್ಲೇಷಿಸಲಿ ಎನ್ನುವವರಿಗೆ, ಸ್ಕೋರನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ (ತಂತ್ರಾಂಶಗಳ ನಡುವೆ ಸ್ಕೋರ್ ಸಾಗಿಸುವ ಕಡತ ರೂಪ) ಆಗಿ ಹೊರತೆಗೆದು ಎಂಐಟಿಯಲ್ಲಿ ಹುಟ್ಟಿದ ಮ್ಯೂಸಿಕ್21 ಎಂಬ ಪೈಥಾನ್ ಸಾಧನಕ್ಕೆ ಉಣಿಸುವ ದಾರಿ ಇದೆ. ಅದು ಸ್ವರ ಬದಲಾದಾಗಲೆಲ್ಲ ಲಂಬವಾಗಿ ಕತ್ತರಿಸಿ ಪ್ರತಿ ತುಂಡಿಗೂ ಒಂದು ಹೆಸರು ಕೊಡಬಲ್ಲದು. ನಾಲ್ಕು ಧ್ವನಿಯ ಕೋರಾಲ್‌ಗಳಿಗೆ ಇದು ಹೊಂದುತ್ತದೆ. ಅರ್ಪೆಜಿಯೊದಲ್ಲಿ ಕಾರ್ಡಿನ ಸ್ವರಗಳು ಒಂದಾದ ಮೇಲೊಂದು ಬರುವುದರಿಂದ ಸಿಗುವುದು ಒಂಟಿ ಸ್ವರಗಳ, ಜೋಡಿ ಸ್ವರಗಳ ಚೂರುಗಳು. ಗಿಟಾರ್ ಸ್ಕೋರಿನ ಬೆಲೆಗಳನ್ನು ಕೇಳಿಸುವಂತೆ ಉದ್ದ ಮಾಡಿ ಬರೆದುಕೊಟ್ಟರೆ ಫಲ ಸ್ವಲ್ಪ ಸುಧಾರಿಸುತ್ತದೆ.

ಯಾರಿಗೆ ಇದು ಬೇಡ? ಸ್ಟಾಫ್ ಓದಲು ಇನ್ನೂ ತಡವರಿಸುವವರಿಗೆ. ಅವರು ಮೊದಲು ಜುಲಿಯಾನಿಯ ಓಪಸ್ 1ರ 120 ಬಲಗೈ ಅಭ್ಯಾಸಗಳಲ್ಲಿ ನಾಲ್ಕೈದನ್ನು ಟೈಪ್ ಮಾಡಿ ಕೀಬೋರ್ಡ್ ಕಲಿಯಲಿ. ಅಲ್ಲಿ ಸಿ ಮೇಜರ್ ಮತ್ತು ಜಿ7 ಬಿಟ್ಟು ಬೇರೆ ಕಾರ್ಡ್ ಇಲ್ಲ, ತಲೆ ಕೆಡಿಸಿಕೊಳ್ಳುವ ಪ್ರಮೇಯವಿಲ್ಲ. ಬೆಂಗಳೂರಿನಂಥ ಕಡೆ ಬ್ರಿಟನ್ನಿನ ಎಬಿಆರ್‌ಎಸ್‌ಎಂ ಮಂಡಳಿಯ ಗ್ರೇಡ್ ಪರೀಕ್ಷೆಗೆ ಕೂರುವವರಿಗಂತೂ ಇದು ಸರಿಯಾದ ಹೊತ್ತಿಗೆ ಒದಗುವ ಸಾಧನ. 6ನೇ ಗ್ರೇಡಿನ ವಾದನಕ್ಕೆ 5ನೇ ಗ್ರೇಡಿನ ಥಿಯರಿ ಅಥವಾ ಮಂಡಳಿ ಒಪ್ಪುವ ಪರ್ಯಾಯ ಪರೀಕ್ಷೆ ಪಾಸಾಗಿರಬೇಕು, ಆ ಥಿಯರಿಯಲ್ಲಿ ಐ, ಐಐ, ಐವಿ, ವಿ ಕಾರ್ಡುಗಳನ್ನೂ ಅವುಗಳ ಇನ್ವರ್ಷನ್‌ಗಳನ್ನೂ ಗುರುತಿಸಬೇಕಾಗುತ್ತದೆ. ತಾವು ನುಡಿಸುವ ಕೃತಿಯಲ್ಲೇ ಅವನ್ನು ಹುಡುಕಿದವರಿಗೆ ಪ್ರಶ್ನೆಪತ್ರಿಕೆ ಹೊಸದೆನಿಸುವುದಿಲ್ಲ.

ಕೃತಿಯ ಉದ್ದ 16ರಿಂದ 32 ಬಾರ್ ಇರುವಂತೆ ನೋಡಿಕೊಳ್ಳಿ. ಪ್ರಿಂಟ್ ತೆಗೆಯುವ ಮುಂಚೆ ಫಾರ್ಮ್ಯಾಟ್ ಮೆನುವಿನ ಪೇಜ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾಫ್ ಸ್ಪೇಸನ್ನು 1.75 ಮಿ.ಮೀ.ನಿಂದ 2ಕ್ಕೆ ಏರಿಸಿ, ಸಾಲುಗಳ ನಡುವೆ ಅಂತರ ಹೆಚ್ಚಿಸಿ. ರೋಮನ್ ಅಂಕಿಗಳನ್ನು ಪೂರ್ತಿ ಟೈಪ್ ಮಾಡಿದ ಪ್ರತಿಗಿಂತ, ಸ್ವರ, ಬೇಸ್ ಸ್ಟಾಫ್ ಮತ್ತು ಮುರಿದ ಸಾಲುಗಳು ಮಾತ್ರ ಇರುವ ಖಾಲಿ ಪ್ರತಿಯನ್ನು ಮೊದಲು ಪ್ರಿಂಟ್ ಮಾಡಿ ಪೆನ್ಸಿಲ್ಲಿನಲ್ಲಿ ತುಂಬುವುದು ಒಳ್ಳೆಯದು. ಅಳಿಸಿ ಬರೆದ ಗುರುತು ಉಳಿದರೆ ಯಾವ ಬಾರ್ ಸತಾಯಿಸಿತು ಎಂಬುದು ಮುಂದಿನ ಪಾಠದ ದಿನ ಮೇಷ್ಟ್ರಿಗೂ ಕಾಣುತ್ತದೆ.